ಪದಚರ್ಚೆ: ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ಗೆ ಬೇರೆ ಮಾತು ಇದೆಯಾ?

ಗೆಳೆಯರೇ,

‘ರಿಟರ್ನ್ ಪಿರಿಯಡ್’, ಅಂದರೆ ಇಷ್ಟು ದೊಡ್ಡ ಮಳೆಯೋ ನೆರೆಯೋ ಸರಾಸರಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಅನ್ನುವ ಲೆಕ್ಕ, ಇದಕ್ಕೆ ಕನ್ನಡದಲ್ಲಿ ನೀವು ಏನು ಬಳಸುತ್ತೀರಿ? ಭಾರಿ ಮಳೆ, ನೆರೆ, ಬರದ ಅಧ್ಯಯನಗಳಲ್ಲಿ ಈ ಮಾತು ಪುಟಪುಟಕ್ಕೂ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ಪಂಚಾಯಿತಿಗಳಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ, ಕೆಲಸ ನಿಂತಿರುವುದು ಇಲ್ಲೇ. ‘ಪುನರಾವರ್ತನ ಅವಧಿ’ ಅಂದರೆ ಯಾರೂ ಓದುವುದಿಲ್ಲ. ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಅಂದರೆ ಎಲ್ಲರೂ ಓದುತ್ತಾರೆ, ಆದರೆ ತಪ್ಪಾಗಿ.

ಕರಡನ್ನು ಹಿರಿಯೂರು ಕಡೆಯ ಹಿರಿಯ ರೈತರೊಬ್ಬರಿಗೆ ಓದಿ ಹೇಳಿದೆ. ಹಳ್ಳದ ಮೋರಿ ಎಷ್ಟು ಅಗಲ ಇರಬೇಕು ಅನ್ನುವ ಪುಟ ಅದು. ಕೇಳಿಸಿಕೊಂಡು, “ಹಂಗಾರೆ ದೊಡ್ಡ ಮಳೆ ಆಗ್ಲೇ ಬಂದು ಹೋಯ್ತಲ್ಲ ಸ್ವಾಮಿ, ಇನ್ನು ಮೊಮ್ಮಕ್ಕಳ ಕಾಲಕ್ಕೆ ಬಿಡ್ರಿ” ಅಂದರು. ಅಲ್ಲಿನ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು 1933 ಬಿಟ್ಟರೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಆ 89 ವರ್ಷದ ಲೆಕ್ಕ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ‘2025ರ ಜನವರಿಯಲ್ಲೇ ಮತ್ತೆ ಬಿತ್ತಲ್ಲ ಯಜಮಾನ್ರೇ’ ಅಂದೆ. “ಅದು ಭದ್ರೆ ನೀರು ಬಿಟ್ಟಿದ್ದಕ್ಕೆ” ಅಂದರು. ಅದೂ ಒಂದು ಪಾಲು ನಿಜವೇ, ನಾನು ಸುಮ್ನಾದೆ.

ಲೆಕ್ಕದವರು ಹೇಳುವುದು ಬೇರೆ. ಈ ವರ್ಷ ಅಂಥ ಮಳೆ ಬರುವ ಸಂಭವ ನೂರಕ್ಕೆ ಒಂದು. ಮುಂದಿನ ವರ್ಷವೂ ನೂರಕ್ಕೆ ಒಂದು. ಹೋದ ವರ್ಷ ಬಂದಿತ್ತಾ ಇಲ್ಲವಾ ಅನ್ನುವುದು ಲೆಕ್ಕಕ್ಕೇ ಇಲ್ಲ. ಚೌಕಾಬಾರದಲ್ಲಿ ಹೋದ ಕೈಗೆ ಬಾರಾ ಬಿದ್ದಿತ್ತು ಅಂತ ಕವಡೆಗೇನು ನೆನಪಿರುತ್ತದಾ? ಹಾಗೆ. ಮೋರಿ 30 ವರ್ಷ ಬಾಳಿಕೆ ಬಂದರೆ, ಅಷ್ಟರೊಳಗೆ ಆ ಮಳೆ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26. ಇನ್ನೊಂದು ಕಡೆ, ನೂರು ವರ್ಷ ಪೂರ್ತಿ ಕಳೆದರೂ ಒಮ್ಮೆಯೂ ಬಾರದೆ ಇರುವ ಸಂಭವ ನೂರಕ್ಕೆ 37. ‘ನೂರು ವರ್ಷಕ್ಕೊಮ್ಮೆ’ ಅಂತ ಬರೆದರೆ ಈ ಎರಡೂ ಮುಚ್ಚಿಹೋಗುತ್ತವೆ.

ನಮ್ಮ ಭಾಷೆಯಲ್ಲಿ ಇದು ಇನ್ನಷ್ಟು ಕಷ್ಟ ಅನ್ನಿಸುತ್ತದೆ ನನಗೆ. ನಮಗೆ ಮಳೆ ಅಂದರೆ ಪಂಚಾಂಗ. ಒಂದು ಹನಿ ಬೀಳದಿದ್ದರೂ ‘ರೋಹಿಣಿ ಮಳೆ ಹುಟ್ಟಿತು’ ಅನ್ನುತ್ತೇವೆ. ಹದಿಮೂರೋ ಹದಿನಾಲ್ಕೋ ದಿನ ಕಳೆದರೆ ಅದು ಹೋಗಿ ಮೃಗಶಿರ ಹುಟ್ಟುತ್ತದೆ, ಆಮೇಲೆ ಆರಿದ್ರ. ಹೀಗೆ ತಾರೀಕು ಹಿಡಿದು ಬರುವ ಮಳೆಗಳಿಗೆ ಒಗ್ಗಿದ ಕಿವಿಗೆ ‘ಅವಧಿ’ ಅಂದರೆ ತಾರೀಕು ಅಂತಲೇ ಕೇಳಿಸುತ್ತದೆ. ಗೆಳೆಯರೊಬ್ಬರು ‘ಮಳೆಯ ಸರದಿ’ ಅಂತ ಸೂಚಿಸಿದರು. ಅದಂತೂ ಬೇಡವೇ ಬೇಡ, ನಲ್ಲಿ ನೀರಿನ ಸಾಲು ನೆನಪಾಗುತ್ತದೆ.

ಇನ್ನೊಂದು ತೊಡಕು, ಆ ಸಂಖ್ಯೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. 1850–1900ರ ಹೊತ್ತಿಗೆ 10 ವರ್ಷಕ್ಕೊಮ್ಮೆ ಅನ್ನಬಹುದಾಗಿದ್ದ ಒಂದು ದಿನದ ಭಾರಿ ಮಳೆ ಈಗ ಆಗಿನ 1.3 ಪಟ್ಟು ಸಲ ಬರುತ್ತಿದೆ, ಭೂಮಿ ಆ ಕಾಲಕ್ಕಿಂತ 2 ಡಿಗ್ರಿ ಬಿಸಿಯೇರಿದರೆ 1.7 ಪಟ್ಟು ಸಲ ಆಗುತ್ತದೆ ಅನ್ನುತ್ತದೆ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2021ರ ವರದಿ. ಇದು ಇಡೀ ಜಗತ್ತಿನ ನೆಲದ ಸರಾಸರಿ, ಜಗಳೂರಿನ ಲೆಕ್ಕ ಅಲ್ಲ. ಇಂಥ ಲೆಕ್ಕ ಹಾಕುವ ಜಾಗತಿಕ ಹವಾಮಾನದ ಕಂಪ್ಯೂಟರ್ ಮಾದರಿಗಳಲ್ಲಿ ಹೆಚ್ಚಿನವು ಭೂಮಿಯನ್ನು 100 ಕಿ.ಮೀ. ಆಸುಪಾಸಿನ ಚೌಕಗಳಾಗಿ ನೋಡುತ್ತವೆ. ಹೊಳಲ್ಕೆರೆಯ ಅಡಿಕೆ ತೋಟ, ಚಳ್ಳಕೆರೆಯ ಶೇಂಗಾ ಹೊಲ ಎರಡೂ ಒಂದೇ ಚೌಕಕ್ಕೆ ಬೀಳಬಹುದು. ಎರಡು ಕಡೆಯ ಮಳೆಗೂ ಎಷ್ಟು ಅಂತರ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಸದ್ಯಕ್ಕೆ ನನ್ನ ಮನಸ್ಸು ‘ನೂರಕ್ಕೊಂದು ಮಳೆ’ ಕಡೆಗಿದೆ. ಅಪರೂಪ ಅನ್ನುವ ಅರ್ಥ ಅದರಲ್ಲಿ ಮೊದಲೇ ಇದೆ, ವರ್ಷದ ಗೊಡವೆ ಇಲ್ಲ. ಆದರೆ ‘ಹತ್ತಕ್ಕೊಂದು ಮಳೆ’ ಅಂದಾಗ ಹತ್ತು ಮಳೆಯಲ್ಲಿ ಒಂದು ಅಂದುಕೊಳ್ಳುತ್ತಾರೆ. ‘ವರ್ಷಕ್ಕೆ ನೂರಕ್ಕೊಂದು’ ಅಂತ ಬಿಡಿಸಿ ಬರೆದರೆ ಬಡ್ಡಿ ದರದ ಹಾಗೆ ಕಾಣುತ್ತದೆ!

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನವರು ಯಾರಾದರೂ ಇದ್ದರೆ ಹೇಳಿ: ಎಂದೋ ಬರುವ, ಆದರೆ ಯಾವಾಗ ಬೇಕಾದರೂ ಬರಬಹುದಾದ ದೊಡ್ಡ ಮಳೆಗೆ ನಿಮ್ಮ ಕಡೆ ಹಿರಿಯರು ಬಳಸುವ ಮಾತು ಇದೆಯಾ? ಮೋರಿ, ಚೆಕ್ ಡ್ಯಾಂ ಕೆಲಸ ಮಾಡಿಸುವ ಎಂಜಿನಿಯರುಗಳು ಮೇಸ್ತ್ರಿಗಳಿಗೆ ಇದನ್ನು ಹೇಗೆ ವಿವರಿಸುತ್ತಾರೆ ಅನ್ನುವುದೂ ಬೇಕು.