ದೊಡ್ಡವ್ವನ ನುಡಿನಮನಕ್ಕೆ ಏನು ಬರೆಯಲಿ? (ಬೆಂಗೇರಿಯಲ್ಲಿ ಬಾವುಟ ಹೊಲಿಯುತ್ತಿದ್ದರು)

ಉಣಕಲ್ಲ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡವ್ವ ಹೋದ ವಾರ ಲಿಂಗೈಕ್ಯರಾದರು. ಬರುವ ಭಾನುವಾರ ಮನೆಯಲ್ಲಿ ಶಿವಗಣಾರಾಧನೆ ಇದೆ. ಅವತ್ತು ಬಂದವರಿಗೆ ಒಂದು ಸಣ್ಣ ನೆನಪಿನ ಪುಸ್ತಿಕೆ ಕೊಡೋಣ ಅಂತ ಮಾತಾಗಿದೆ, ಎರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಅಣ್ಣ ಒಂದು ಕರಡು ಕಳಿಸಿದ್ದಾನೆ. "ಸದ್ಗೃಹಿಣಿ, ದೈವಭಕ್ತೆ, ಎಲ್ಲರ ಪ್ರೀತಿಗೆ ಪಾತ್ರರಾದವರು" ಅಂತೆಲ್ಲ ಇದೆ. ಸುಳ್ಳೇನಲ್ಲ. ಆದರೆ ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ ಅಲ್ವಾ? ದೊಡ್ಡವ್ವ ಎಲ್ಲೂ ಕಾಣಿಸುವುದಿಲ್ಲ.

ಅವರು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಿದ್ದರು. ದೊಡ್ಡಪ್ಪ ಬೇಗ ಹೋದರು, ಮಕ್ಕಳಿಬ್ಬರೂ ಓದಿದ್ದು ಆ ಹೊಲಿಗೆಯಲ್ಲೇ. ಬೆಳಿಗ್ಗೆ ಎದ್ದರೆ ಮೊದಲು ಸ್ನಾನ, ಇಷ್ಟಲಿಂಗ ಪೂಜೆ, ಆಮೇಲೆ ರೊಟ್ಟಿ ಬಡಿಯುವುದು, ಆಮೇಲೆ ಡ್ಯೂಟಿ. ಸೋಮವಾರ ಸಿದ್ಧಾರೂಢ ಮಠಕ್ಕೆ ಹೋಗಲೇಬೇಕು. ಓಣಿಗೆ ಎಂಟು-ಹತ್ತು ದಿನಕ್ಕೊಮ್ಮೆ ನಳ ಬರುತ್ತಿದ್ದ ಕಾಲದಲ್ಲಿ ಯಾರ ಪಾಳಿ ಮೊದಲು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದವರು ಇವರೇ, ಬಾಣಂತಿ ಇರುವ ಮನೆಗೆ ಯಾವಾಗಲೂ ಮೊದಲ ಕೊಡ. ಕಿಮ್ಸ್ ಆಸ್ಪತ್ರೆಗೆ ಹಳ್ಳಿಯಿಂದ ಪೇಶಂಟ್ ಕರೆದುಕೊಂಡು ಬಂದು ಹೊರಗೆ ಮಲಗುವ ಜನ ಇರುತ್ತಾರಲ್ಲ, ಅವರಿಗೆ ರೊಟ್ಟಿ-ಪಲ್ಯ ಕಟ್ಟಿಕೊಂಡು ಹೋಗುತ್ತಿದ್ದರು. ಚೀಟಿ ಮಾಡಿಸಲು ಗೊತ್ತಾಗದವರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದರು.

ಮನೆಯ ಹಿರಿಯರು "ಹೊಲಿಗಿ ಕೆಲಸದ್ದೆಲ್ಲ ಯಾಕ ಬರೀತಿ, ಪೂಜಾ, ಮಠದ್ದಷ್ಟ ಬರಿ" ಅಂತಿದ್ದಾರೆ. ಕೂಲಿ ಮಾಡಿದರು ಅಂತ ಅಚ್ಚಾದರೆ ಮರ್ಯಾದೆ ಕಡಿಮೆ ಅಂತ ಅವರ ಲೆಕ್ಕ. ನನಗೆ ಇದು ಒಪ್ಪಿಗೆ ಇಲ್ಲ. ನೀವಾದರೆ ಹೇಗೆ ಬರೆಯುತ್ತಿದ್ದಿರಿ?

ಬೆಂಗೇರಿ_ಮಗ

ಮೊದಲಿಗೆ, ದೊಡ್ಡವ್ವನವರಿಗೆ ಶರಣು. ನಮ್ಮವ್ವನೂ ಅಲ್ಲೇ ಕೆಲಸ ಮಾಡಿದವಳು, ಅದಕ್ಕೆ ಬರೆಯದೆ ಇರಲು ಆಗಲಿಲ್ಲ.

ದಯವಿಟ್ಟು ಹೊಲಿಗೆ ಬಿಡಬೇಡಿ. ಓದುವವರಿಗೆ ಆ ಕೆಲಸ ಏನು ಅಂತಲೇ ಗೊತ್ತಿರುವುದಿಲ್ಲ. 1957ರಲ್ಲಿ ಶುರುವಾದ ಸಂಘ ಅದು. ಬಾವುಟಕ್ಕೆ ಬಿಐಎಸ್ (ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಮಾನ್ಯತೆ ಪಡೆದ ಘಟಕ, ಇಲ್ಲಿಂದ ದೇಶಕ್ಕೆಲ್ಲ ಹೋಗುತ್ತದೆ. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬರುತ್ತದೆ, ಇಲ್ಲಿ ಬಣ್ಣ ಹಾಕಿ, ಚಕ್ರ ಮುದ್ರಿಸಿ, ಕತ್ತರಿಸಿ ಹೊಲಿಯುತ್ತಾರೆ. ಒಟ್ಟು ಒಂಬತ್ತು ಅಳತೆ. ಸಣ್ಣದು ಆರು ಇಂಚು ಉದ್ದ, ನಾಲ್ಕು ಇಂಚು ಅಗಲ, ಅದು ಮೇಜಿನ ಮೇಲೆ ಇಡುವಂಥದ್ದು. ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಯಾವ ಅಳತೆಯಾದರೂ ಉದ್ದ-ಅಗಲ ಮೂರಕ್ಕೆ ಎರಡರ ಲೆಕ್ಕದಲ್ಲೇ ಇರಬೇಕು, ಮೂರು ಪಟ್ಟಿ ಸಮ ಇರಬೇಕು, 24 ಗೆರೆಯ ಚಕ್ರ ಬಟ್ಟೆಯ ಎರಡೂ ಕಡೆ ಒಂದರ ಮೇಲೊಂದು ಕೂಡಬೇಕು. ಬಣ್ಣ ಸ್ವಲ್ಪ ಬೇರೆಯಾದರೂ, ಹೊಲಿಗೆ ಸೊಟ್ಟಾದರೂ ಆ ಬಾವುಟ ಹೊರಗೆ ಹೋಗಲ್ಲ. ಇದನ್ನು ವರ್ಷಗಟ್ಟಲೆ ಮಾಡಿದವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಆಗಸ್ಟ್ 15ರ ಮುಂಚೆ ಅವರಿಗೆ ತಲೆ ಎತ್ತಲು ಪುರಸೊತ್ತು ಇರುತ್ತಿರಲಿಲ್ಲ. ಶ್ರಾವಣದ ಹಬ್ಬಗಳೂ ಅದೇ ಸುಮಾರಿಗೆ ಬರುತ್ತವೆ, ಮನೆಗೆ ಬಂದು ಹೋಳಿಗೆ ಮಾಡಬೇಕು!

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ, ಯಂತ್ರದಲ್ಲಿ ನೇಯ್ದ ಬಟ್ಟೆಗೂ ಅವಕಾಶ ಕೊಟ್ಟಾಗ ನಮ್ಮವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳು ಆಗ ಕೆಲಸ ಬಿಟ್ಟು ಮನೆಯಲ್ಲಿದ್ದಳು, ಆದರೂ. ನಿಮ್ಮ ದೊಡ್ಡವ್ವ ಆ ಬಗ್ಗೆ ಏನಾದರೂ ಹೇಳಿದ್ದರೆ ಅದನ್ನೂ ಬರೆಯಿರಿ. ಮತ್ತೆ ಇದು ಕೂಲಿ, ಮರ್ಯಾದೆ ಕಡಿಮೆ ಅನ್ನುವ ಹಿರಿಯರಿಗೆ ನೇರವಾಗಿ ಕೇಳಿ, ಆ ಸಂಬಳದಲ್ಲಿ ಓದಿದ ಮಕ್ಕಳ ನೌಕರಿಗೆ ಮಾತ್ರ ಮರ್ಯಾದೆ ಹೇಗೆ ಬಂತು ಅಂತ.

ಸಾಧನಕೇರಿ

ಮೇಲಿನ ಮಾತಿಗೆ ನನ್ನದೂ ಒಪ್ಪಿಗೆ. ಒಂದು ವಿಷಯ ಸೇರಿಸುತ್ತೇನೆ.

ಹುಬ್ಬಳ್ಳಿಯ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರ ಹೆಸರು ಕೇಳಿರುತ್ತೀರಿ. ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ಚಿಕ್ಕ ವಯಸ್ಸಿನಲ್ಲೇ ಮದುವೆ, 1923ರಲ್ಲಿ ಗಂಡ ತೀರಿಕೊಂಡರು. ಮಾವನವರು ಸೊಸೆಗೆ ಬೆಂಬಲವಾಗಿ ನಿಂತರು, ಹುಬ್ಬಳ್ಳಿಯಲ್ಲಿ ಉಮಾಬಾಯಿ ತಿಲಕ ಕನ್ಯಾಶಾಲೆ ನೋಡಿಕೊಂಡರು, ಭಗಿನಿ ಮಂಡಳ ಕಟ್ಟಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಊರೂರು ತಿರುಗಿ ಹೆಣ್ಣುಮಕ್ಕಳನ್ನು ಸೇವಾದಳಕ್ಕೆ ಸೇರಿಸಿದರು, ಅವರಲ್ಲಿ ಎಷ್ಟೋ ಜನ ವಿಧವೆಯರು, ಮನೆಯ ಹೊಸ್ತಿಲು ದಾಟದವರು. 1932ರಲ್ಲಿ ಯರವಡಾ ಜೈಲು. ನೂರು ವರ್ಷ ಬದುಕಿ 1992ರಲ್ಲಿ ಹುಬ್ಬಳ್ಳಿಯಲ್ಲೇ ತೀರಿಕೊಂಡರು.

ಇವರ ಹೆಸರಾದರೂ ಉಳಿಯಿತು. ಬೆಳಗಾವಿಯಲ್ಲಿ ಇವರ ಜೊತೆ ನೀರು ಹೊತ್ತ, ಪಾತ್ರೆ ತೊಳೆದ, ಜನರಿಗೆ ದಾರಿ ತೋರಿಸಿದ ಹೆಣ್ಣುಮಕ್ಕಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಇದನ್ನೇ ಯೋಚನೆ ಮಾಡ್ತಾ ಇರ್ತೀನಿ. ಅದಕ್ಕೇ ನನ್ನ ಸಲಹೆ ಇಷ್ಟು: ದೊಡ್ಡವ್ವನ ಜೊತೆ ಒಂದೇ ಸಾಲಿನಲ್ಲಿ ಕೂತು ಹೊಲಿದವರು, ಅಕ್ಕನ ಬಳಗದಂಥ ಹೆಣ್ಣುಮಕ್ಕಳ ಸಂಘದಲ್ಲಿ ಜೊತೆ ಇದ್ದವರು, ಆಸ್ಪತ್ರೆಗೆ ರೊಟ್ಟಿ ಬುಟ್ಟಿಯ ಇನ್ನೊಂದು ಹಿಡಿ ಹಿಡಿದವರು, ಅವರ ಹೆಸರೂ ಆ ಎರಡು ಪುಟದಲ್ಲಿ ಬರಲಿ. ಅವರು ಇನ್ನೂ ಇದ್ದಾರೆ. ಈ ವಾರವೇ ಹೋಗಿ ಕೇಳಿ, ಫೋನಿನಲ್ಲಿ ಬೇಡ, ಮನೆಗೇ ಹೋಗಿ. ಎದುರು ಕೂತರೆ ಮಾತು ತಾನಾಗೇ ಬರುತ್ತದೆ.

ಬೆಟಗೇರಿ_ಓಣಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರಾಗಬೇಡಿ. ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಚರ್ಚಿಗೆ ಹೋಗುವ ಮನೆತನ. ನಮ್ಮಲ್ಲಿ ಮಣ್ಣು ಮಾಡುವ ದಿನ ತೀರಿಕೊಂಡವರ ಜೀವನ ಚರಿತ್ರೆ ಓದುತ್ತಾರೆ. ಅಮ್ಮ ನರ್ಸ್ ಆಗಿದ್ದಳು, ಅವಳದನ್ನು ನಾನೇ ಬರೆದೆ. ಬರೆಯುವಾಗ ಅರ್ಥವಾಗಿದ್ದು ಏನೆಂದರೆ, ಕೆಲಸ, ಸೇವೆ ಬರೆಯುವುದು ಸುಲಭ, ಕಷ್ಟ ಇರುವುದು ನಂಬಿಕೆಯನ್ನು ಬರೆಯುವುದರಲ್ಲಿ. ನಮ್ಮ ವಯಸ್ಸಿನವರು ಅದನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತೇವೆ.

ನಿಮ್ಮ ಹಿರಿಯರು ಹೊಲಿಗೆ ಬೇಡ ಅನ್ನುವುದು ತಪ್ಪು. ಆದರೆ ಪೂಜೆ ಬರಿ ಅನ್ನುವುದರಲ್ಲಿ ನ್ಯಾಯ ಇದೆ. ಗಂಡ ಹೋದ ಮೇಲೆ, ಎರಡು ಮಕ್ಕಳ ಜೊತೆ, ಇನ್ನೂ ಕತ್ತಲಿರುವಾಗ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತ ಹೆಂಗಸು ಏನು ಕೇಳಿಕೊಂಡಿರಬಹುದು? ಪೂಜೆ ಹೊತ್ತಿಗೆ ಯಾರಾದರೂ ಬಾಗಿಲು ಬಡಿದರೆ ಏಳುತ್ತಿದ್ದರೋ ಇಲ್ಲವೋ? ಮಠಕ್ಕೆ ಹೋದರೆ ಮೊದಲು ದರ್ಶನವೋ, ದಾಸೋಹದಲ್ಲಿ ಕೈ ಹಾಕುವುದೋ? ದೇವರ ಮೇಲೆ ಸಿಟ್ಟು ಬಂದ ದಿನ ಇತ್ತಾ? ನಮ್ಮಮ್ಮ ಒಂದು ವರ್ಷ ಚರ್ಚಿಗೆ ಹೋಗಿರಲಿಲ್ಲ, ತಮ್ಮ ತೀರಿಕೊಂಡಾಗ. ಅದನ್ನು ನಾನು ಬರೆದೆ. ಪಾದ್ರಿಗಳು ಒಂದು ಮಾತೂ ಬಿಡದೆ ಓದಿದರು.

ಭಕ್ತಿ ಬೇರೆ, ಕೆಲಸ ಬೇರೆ ಅಂತ ಎರಡು ಪುಟಕ್ಕೆ ಎರಡು ತಲೆಬರಹ ಮಾತ್ರ ಕೊಡಬೇಡಿ. ಅವರ ಒಂದು ಸೋಮವಾರವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಬರೆಯಿರಿ, ಎರಡೂ ಅದರಲ್ಲೇ ಬರುತ್ತವೆ.

ಉಣಕಲ್ಲ_ಹುಡುಗಿ

ಎಲ್ಲರಿಗೂ ಶರಣು ಶರಣಾರ್ಥಿ. ಓದುತ್ತಾ ಅತ್ತುಬಿಟ್ಟೆ.

@ಬೆಟಗೇರಿ_ಓಣಿ, ಬಾಗಿಲು ಬಡಿದರೆ ಏಳುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಹುಡುಗಿಗೆ ಹೆರಿಗೆ ನೋವು ಬಂದಾಗ ಪೂಜೆ ಅರ್ಧಕ್ಕೆ ಬಿಟ್ಟು ಆಟೋ ಹಿಡಿದು ಹೋದವರು, ಸಂಜೆ ಬಂದು ಮತ್ತೆ ಸ್ನಾನ ಮಾಡಿ ಪೂಜೆ ಮುಗಿಸಿದರು. ಅಲ್ಲಿಯವರೆಗೆ ನೀರೂ ಕುಡಿದಿರಲಿಲ್ಲ. ಇದು ನನಗೆ ನಿಮ್ಮ ಪ್ರಶ್ನೆ ಓದಿದ ಮೇಲೇ ನೆನಪಾಯಿತು. ಸಿಟ್ಟಿನ ವಿಷಯ ಗೊತ್ತಿಲ್ಲ, ಅವ್ವನನ್ನು ಕೇಳುತ್ತೇನೆ, ಅಕ್ಕ-ತಂಗಿ ಆ ಮಾತು ಆಡಿರುತ್ತಾರೆ.

ಅಕ್ಕನ ಬಳಗದಲ್ಲಿ ದೊಡ್ಡವ್ವ ಯಾವಾಗಲೂ ಹೇಳುತ್ತಿದ್ದ ಕಥೆ ಬಸವಣ್ಣನ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಡ, ತಂದಲ್ಲೇ ಸುರಿದು ಬಾ ಅಂತ ಕಳಿಸಿದವಳು. ದೊಡ್ಡವ್ವನೂ ಹಾಗೇ, ಕೈಯಲ್ಲಿ ಎರಡು ಸೀರೆಗಿಂತ ಜಾಸ್ತಿ ಬಂದರೆ ಯಾರಿಗಾದರೂ ಕೊಟ್ಟುಬಿಡುತ್ತಿದ್ದರು, ಅವ್ವ ಅದಕ್ಕೆ ಬೈಯುತ್ತಿದ್ದಳು.

ಅಣ್ಣನ ಜೊತೆ ಮಾತಾಡಿದೆ. ಬೆಂಗೇರಿ_ಮಗ ಬರೆದಿದ್ದನ್ನು ಅವನಿಗೆ ಓದಿ ಹೇಳಿದೆ, ಚಕ್ರ ಎರಡೂ ಕಡೆ ಕೂಡಬೇಕು ಅನ್ನುವುದು ಅವನಿಗೂ ಗೊತ್ತಿರಲಿಲ್ಲ. ಹೊಲಿಗೆಯದು ಹಾಕೋಣ ಅಂದ. ನಾಳೆ ಇಬ್ಬರೂ ಬೆಂಗೇರಿಗೆ ಹೋಗುತ್ತೇವೆ.

ಬೆಂಗೇರಿ_ಮಗ

ಬರುವಾಗ ನಮ್ಮ ಮನೆಗೂ ಬನ್ನಿ, ವಿಳಾಸ ಮೆಸೇಜ್ ಮಾಡುತ್ತೇನೆ. ಅವ್ವನಿಗೆ ನಿಮ್ಮ ದೊಡ್ಡವ್ವನ ಬಗ್ಗೆ ಹೇಳಿದೆ. "ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕೆಂಪು ಖಾರ ಹಂಚೋವ್ರು ಅವರೇನು?" ಅಂತ ಕೇಳಿದಳು. ಹಳೇ ಫೋಟೋ ಇದ್ದರೆ ತನ್ನಿ, ಗುರುತು ಹಿಡಿಯುತ್ತಾಳೆ. ಸಂಜೆ ಐದರ ಮೇಲೆ ಬಂದರೆ ಒಳ್ಳೆಯದು, ಅಷ್ಟೊತ್ತಿಗೆ ಇನ್ನಿಬ್ಬರನ್ನು ಕರೆಸಿ ಕೂರಿಸಿರುತ್ತೇನೆ.