ಅಪ್‌ಡೇಟ್: ಫ್ಲ್ಯಾಶ್ ಬಿಟ್ಟು ಎಸ್‌ಎಆರ್ ಹಿಡಿದೆ

ಕಲಬುರಗಿಯಲ್ಲಿ ಎಂ.ಟೆಕ್ ಪ್ರಾಜೆಕ್ಟಿಗೆ 8 ಬಿಟ್ ಎಡಿಸಿ (ಅನಲಾಗ್ ವೋಲ್ಟೇಜನ್ನು ಡಿಜಿಟಲ್ ಅಂಕಿಯಾಗಿಸುವ ಸರ್ಕ್ಯೂಟ್) ಮಾಡುತ್ತಿದ್ದೇನೆ, ವೇಗವೂ ಬೇಕು, ಕರೆಂಟೂ ಉಳಿಯಬೇಕು, ಎಲ್ಲ ಹೋಲಿಕೆ ಒಂದೇ ಸಲ ಮಾಡುವ ಫ್ಲ್ಯಾಶಾ, ಹೆಜ್ಜೆ ಹೆಜ್ಜೆಯಾಗಿ ಹೋಲಿಸುವ ಎಸ್‌ಎಆರಾ ಅಂತ ಕೇಳಿದ್ದೆ ಅಲ್ವಾ? ಎಸ್‌ಎಆರ್ ಆರಿಸಿಕೊಂಡೆ. ಫ್ಲ್ಯಾಶ್‌ಗೆ 255 ಕಂಪ್ಯಾರೇಟರ್ (ಎರಡು ವೋಲ್ಟೇಜಲ್ಲಿ ಯಾವುದು ಹೆಚ್ಚು ಅಂತ ಹೇಳುವ ಭಾಗ) ಬೇಕು. ಎಸ್‌ಎಆರ್‌ಗೆ ಒಂದೇ ಸಾಕು. ಗಂಜ್‌ನಲ್ಲಿ ತೊಗರಿ ತೂಗುವಾಗ ದೊಡ್ಡ ಕಲ್ಲಿನಿಂದ ಶುರು ಮಾಡಿದ ಹಾಗೆ, ಬಿಟ್ ಬಿಟ್ಟಾಗಿ ಉತ್ತರ ಬರುತ್ತದೆ.

ಜಾಸ್ತಿ ಲಾಭ ಸಿಕ್ಕಿದ್ದು ನಿಮ್ಮಲ್ಲೊಬ್ಬರು ಹೇಳಿದ ಮೊನೊಟಾನಿಕ್ ಸ್ವಿಚಿಂಗ್‌ನಿಂದ, ಅಂದರೆ ಪ್ರತಿ ಹೆಜ್ಜೆಗೆ ಒಂದೇ ಕೆಪಾಸಿಟರನ್ನು ಕೆಳಮುಖವಾಗಿ ಬದಲಿಸುವ ವಿಧಾನದಿಂದ. 2010ರ ಪ್ರಬಂಧದ 10 ಬಿಟ್ ಚಿಪ್‌ನಲ್ಲಿ ಹಳೆಯ ವಿಧಾನಕ್ಕೆ ಹೋಲಿಸಿದರೆ ಒಟ್ಟು ಕೆಪಾಸಿಟನ್ಸ್ ಅರ್ಧಕ್ಕಿಳಿದು, ಸ್ವಿಚಿಂಗ್ ಶಕ್ತಿಯಲ್ಲಿ ಸುಮಾರು 81% ಉಳಿತಾಯವಾಗಿತ್ತು. ಎಷ್ಟು ಚೆಂದದ ಯೋಚನೆ! ಆದರೆ ಹೆಜ್ಜೆ ಹೆಜ್ಜೆಗೂ ಕಾಮನ್ ಮೋಡ್ (ಎರಡು ಇನ್‌ಪುಟ್‌ಗಳ ಸರಾಸರಿ ವೋಲ್ಟೇಜ್) ಕೆಳಗೆ ಜಾರುತ್ತದೆ, ಅದರ ಜೊತೆ ಕಂಪ್ಯಾರೇಟರ್ ಆಫ್‌ಸೆಟ್ಟೂ (ಹೋಲಿಕೆಯಲ್ಲಿನ ತಪ್ಪು) ಬದಲಾಗುತ್ತದೆ. ಅದಕ್ಕೇ ಕಡಿಮೆ ವೋಲ್ಟೇಜಲ್ಲೂ ಕೆಲಸ ಮಾಡುವ ಪಿಮಾಸ್ ಟ್ರಾನ್ಸಿಸ್ಟರ್ ಇನ್‌ಪುಟ್ ಇಟ್ಟಿದ್ದೇನೆ. ಈಗ ಕೆಪಾಸಿಟರ್ ಲೇಔಟ್ ಶುರುವಾಗಿದೆ. ಮ್ಯಾಚಿಂಗ್ (ಕೆಪಾಸಿಟರ್‌ಗಳ ಅನುಪಾತ ನಿಖರವಾಗಿರಿಸುವುದು) ಬಗ್ಗೆ ಸಲಹೆ ಇದ್ದರೆ ದಯವಿಟ್ಟು ಹೇಳಿ.