ಕ್ಯಾಲಿಫೋರ್ನಿಯಾದ ಹೆರಿಗೆ ರಜೆಯ ಹಣ: 1099-ಜಿ ಫಾರಂನಲ್ಲಿ ಅರ್ಧ ಮಾತ್ರ ಕಾಣಿಸುತ್ತಿದೆ, ಉಳಿದದ್ದನ್ನೂ ತೋರಿಸಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 2025ರ ಮಾರ್ಚ್‌ನಲ್ಲಿ ನನಗೆ ಹೆರಿಗೆಯಾಯಿತು. ಹೆರಿಗೆಗೆ ಮೊದಲಿನ ನಾಲ್ಕು ವಾರ ಮತ್ತು ನಂತರದ ಆರು ವಾರ ರಾಜ್ಯದ ಅಂಗವೈಕಲ್ಯ ವಿಮೆಯಾದ ಎಸ್‌ಡಿಐ ಅಡಿಯಲ್ಲಿ ರಜೆ ಪಡೆದೆ. ಆಮೇಲೆ ಮಗುವಿನೊಡನೆ ಇರಲು ಎಂಟು ವಾರ ಪಿಎಫ್‌ಎಲ್, ಅಂದರೆ ವೇತನಸಹಿತ ಕುಟುಂಬ ರಜೆ, ಪಡೆದೆ. ವಾರಕ್ಕೆ ಆ ವರ್ಷದ ಗರಿಷ್ಠ ಮೊತ್ತವಾದ 1,681 ಡಾಲರ್ ಬರುತ್ತಿತ್ತು. ಮೊದಲ ವಾರ ಕಾಯುವ ಅವಧಿಯಾದ್ದರಿಂದ ಅದಕ್ಕೆ ಹಣವಿರಲಿಲ್ಲ. ಬ್ಯಾಂಕ್ ಖಾತೆಯಲ್ಲಿ ಕೂಡಿ ನೋಡಿದರೆ ಒಟ್ಟು 28,577 ಡಾಲರ್ ಜಮೆಯಾಗಿದೆ. ಆದರೆ ರಾಜ್ಯದ ಉದ್ಯೋಗಾಭಿವೃದ್ಧಿ ಇಲಾಖೆಯಾದ ಇಡಿಡಿ ಕಳಿಸಿದ, ಸರ್ಕಾರದಿಂದ ಪಡೆದ ಹಣವನ್ನು ತೆರಿಗೆಗಾಗಿ ತಿಳಿಸುವ 1099-ಜಿ ಫಾರಂನ ಮೊದಲ ಚೌಕದಲ್ಲಿ 13,448 ಎಂದಷ್ಟೇ ಇದೆ, ತೆರಿಗೆ ಮುರಿದುಕೊಂಡದ್ದನ್ನು ತೋರಿಸುವ ನಾಲ್ಕನೆಯ ಚೌಕ ಖಾಲಿ ಇದೆ. ಉಳಿದ 15,129 ಡಾಲರ್ ಎಲ್ಲಿ ಹೋಯಿತು? ಫಾರಂನಲ್ಲಿ ತಪ್ಪಾಗಿದೆಯೇ? ನಾನಾಗಿಯೇ ಸೇರಿಸಿ ತೋರಿಸಬೇಕೇ? ನಾವು ದಂಪತಿ ಜಂಟಿಯಾಗಿ ರಿಟರ್ನ್ ಸಲ್ಲಿಸುತ್ತೇವೆ.

ಉತ್ತರ 1

ಮಗುವಿಗೂ ನಿಮಗೂ ಶುಭಾಶಯಗಳು. ನಿಮ್ಮ ಫಾರಂ ಸರಿಯಾಗಿಯೇ ಇದೆ. ಎಸ್‌ಡಿಐ, ಪಿಎಫ್‌ಎಲ್ ಎರಡೂ ಹಣ ಒಂದೇ ಇಲಾಖೆಯಿಂದ ಒಂದೇ ಖಾತೆಗೆ ಬಂದಿದ್ದರೂ ತೆರಿಗೆ ಕಾನೂನು ಅವುಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಈ ವಿಮೆಯ ಕಂತು ಪೂರ್ತಿಯಾಗಿ ನೌಕರರ ಸಂಬಳದಿಂದಲೇ ಹೋಗುತ್ತದೆ; 2025ರಲ್ಲಿ ಅದು ಶೇಕಡಾ 1.2 ಇತ್ತು. ನಿಮ್ಮ ವಾರ್ಷಿಕ ಸಂಬಳದ ವಿವರವಾದ ಡಬ್ಲ್ಯೂ-2 ಫಾರಂನ 14ನೆಯ ಚೌಕದಲ್ಲಿ ಆ ಕಡಿತ ಕಾಣಿಸುತ್ತದೆ. ತೆರಿಗೆ ಕಟ್ಟಬೇಕಾದ ಸಂಬಳದಿಂದಲೇ ಕಂತು ಕಟ್ಟಿ ಪಡೆದ ವಿಮೆಯು ನಿಮ್ಮದೇ ದೇಹಸ್ಥಿತಿಯ ಕಾರಣಕ್ಕೆ ಹಣ ಕೊಟ್ಟಾಗ ಅದು ಆದಾಯವಾಗುವುದಿಲ್ಲ. ಬಸುರಿ ಬಾಣಂತಿಯಾಗಿ ನೀವು ಕೆಲಸ ಮಾಡಲಾಗದೆ ಇದ್ದ ವಾರಗಳ ಎಸ್‌ಡಿಐ ಹಣ ಆ ಬಗೆಯದು. ಆದ್ದರಿಂದ ಹಣ ಬಂದ ಆ ಒಂಬತ್ತು ವಾರಗಳ 15,129 ಡಾಲರನ್ನು ರಿಟರ್ನ್‌ನಲ್ಲಿ ಎಲ್ಲಿಯೂ ನಮೂದಿಸಬೇಕಾಗಿಲ್ಲ.

ಪಿಎಫ್‌ಎಲ್ ಹಣವೂ ಅದೇ ಕಂತಿನಿಂದ ಬರುತ್ತದೆಯಲ್ಲ, ಅದಕ್ಕೇಕೆ ತೆರಿಗೆ ಎಂದು ನೀವು ಕೇಳಬಹುದು. ನನಗೂ ಮೊದಲು ಇದು ಅನ್ಯಾಯವೆನಿಸಿತ್ತು. ವ್ಯತ್ಯಾಸ ಇರುವುದು ರಜೆಯ ಕಾರಣದಲ್ಲಿ. ಆ ವಿನಾಯಿತಿ ಇರುವುದು ಸ್ವಂತ ಕಾಯಿಲೆ ಅಥವಾ ಗಾಯಕ್ಕೆ. ಮಗುವನ್ನು ನೋಡಿಕೊಳ್ಳುವುದು, ಹಾಸಿಗೆ ಹಿಡಿದ ತಂದೆತಾಯಿಯ ಆರೈಕೆ ಮಾಡುವುದು ಎಷ್ಟೇ ದೊಡ್ಡ ಕೆಲಸವಾದರೂ ರಜೆ ಹಾಕಿದವರಿಗೆ ಅದು ಕಾಯಿಲೆಯಲ್ಲ. ಆದ್ದರಿಂದ ಎಂಟು ವಾರಗಳ ಪಿಎಫ್‌ಎಲ್ ಹಣವಾದ 13,448 ಡಾಲರಿಗೆ ಫೆಡರಲ್ ಆದಾಯ ತೆರಿಗೆ ಇದೆ. ಅದು ಸಂಬಳವಲ್ಲದ ಕಾರಣ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಕಡಿತಗಳಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ತೆರಿಗೆಯೂ ಇಲ್ಲ.

ಈಗ ಎಲ್ಲಿ ಬರೆಯಬೇಕೆಂಬ ಮಾತು, ಎಡವುವುದು ಹೆಚ್ಚಾಗಿ ಇಲ್ಲಿಯೇ. ಫೆಡರಲ್ ರಿಟರ್ನ್‌ನ ಷೆಡ್ಯೂಲ್ 1 ಎಂಬ ಪೂರಕ ಪುಟದಲ್ಲಿ ನಿರುದ್ಯೋಗ ಭತ್ಯೆಯ 7ನೆಯ ಸಾಲಿನಲ್ಲಿ ಈ 13,448 ಡಾಲರನ್ನು ತೋರಿಸಿ. "ನಾನು ನಿರುದ್ಯೋಗಿಯಾಗಿರಲಿಲ್ಲವಲ್ಲ" ಎಂದು ಇತರೆ ಆದಾಯದ ಸಾಲಿಗೆ ಹಾಕಬೇಡಿ. ಫೆಡರಲ್ ಲೆಕ್ಕವನ್ನು ರಾಜ್ಯದ ನಿಯಮಕ್ಕೆ ಹೊಂದಿಸುವ ಷೆಡ್ಯೂಲ್ ಸಿಎಯಲ್ಲಿ ಅದೇ 7ನೆಯ ಸಾಲಿನ ಬಿ ಕಾಲಂನಲ್ಲಿ ಈ ಮೊತ್ತವನ್ನು ಕಳೆಯಬೇಕು. ಇತರೆ ಆದಾಯವೆಂದು ತುಂಬಿದರೆ ಆ ಕಳೆಯುವಿಕೆ ತಪ್ಪಿಹೋಗಿ, ಕಟ್ಟಬೇಕಿಲ್ಲದ ರಾಜ್ಯ ತೆರಿಗೆಯನ್ನು ಕಟ್ಟಿಬಿಡುವ ಸಂಭವವಿದೆ.

ನಾಲ್ಕನೆಯ ಚೌಕ ಖಾಲಿಯಿದೆ ಎಂದಿರಿ. ನೀವು ಶೇಕಡಾ 22ರ ಫೆಡರಲ್ ತೆರಿಗೆ ದರದ ಹಂತದಲ್ಲಿದ್ದರೆ ಈ ಹಣಕ್ಕೆ ಸುಮಾರು 2,959 ಡಾಲರ್ ತೆರಿಗೆ ಬೀಳುತ್ತದೆ, ಅದನ್ನು ಕೈಯಿಂದ ಕಟ್ಟಬೇಕಾಗಬಹುದು. ಇನ್ನೊಂದು ಮಾತು: ರಾಜ್ಯದಿಂದ ಹಿಂದಿನ ವರ್ಷದ ತೆರಿಗೆ ಮರುಪಾವತಿ ಬಂದಿದ್ದರೆ ಅದಕ್ಕೂ 1099-ಜಿ ಎಂಬ ಹೆಸರಿನದೇ ಫಾರಂ ಬರುತ್ತದೆ. ಅದರಲ್ಲಿ ಮೊತ್ತ ಎರಡನೆಯ ಚೌಕದಲ್ಲಿರುತ್ತದೆ. ಎರಡನ್ನೂ ಕಲಸಬೇಡಿ.

ಉತ್ತರ 2

ಮೇಲಿನ ಉತ್ತರ ಕ್ಯಾಲಿಫೋರ್ನಿಯಾದ ಮಟ್ಟಿಗೆ ಸರಿಯಾಗಿದೆ. ಬೇರೆ ರಾಜ್ಯದವರು ಇದನ್ನು ಓದಿ ಹಾಗೆಯೇ ಅನುಸರಿಸಬಾರದೆಂದು ಇದನ್ನು ಸೇರಿಸುತ್ತಿದ್ದೇನೆ. ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ. ಇಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಗಳು ವೈದ್ಯಕೀಯ ರಜೆಯ ಕಂತಿನಲ್ಲಿ ಕನಿಷ್ಠ ಶೇಕಡಾ 60 ಭಾಗವನ್ನು ತಾವೇ ಭರಿಸಬೇಕು. ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ 2025ರ ಜನವರಿಯಲ್ಲಿ ಹೊರಡಿಸಿದ 2025-4 ಸಂಖ್ಯೆಯ ನಿರ್ಣಯದ ಪ್ರಕಾರ, ಸ್ವಂತ ಕಾಯಿಲೆಗೆ ಪಡೆದ ರಜೆಯ ಹಣದಲ್ಲಿ ಮಾಲೀಕರ ಕಂತಿಗೆ ಸಲ್ಲುವ ಪಾಲು ತೆರಿಗೆಗೆ ಒಳಪಡುತ್ತದೆ, ನೌಕರರ ಕಂತಿಗೆ ಸಲ್ಲುವ ಪಾಲು ಒಳಪಡುವುದಿಲ್ಲ. 2025ನೆಯ ಸಾಲಿಗೆ ಮಾಲೀಕರ ಕಂತಿನ ಆ ಪಾಲಿನ ಮೇಲೆ ತೆರಿಗೆ ಹಿಡಿಯುವ ಮತ್ತು ವರದಿ ಮಾಡುವ ಹೊಣೆಯಿಂದ ರಾಜ್ಯಗಳಿಗೂ ಮಾಲೀಕರಿಗೂ ರಿಯಾಯಿತಿ ಸಿಕ್ಕಿದೆ, ಆದರೆ ಹಣ ಪಡೆದವರಿಗೆ ತೆರಿಗೆಯೇ ಮಾಫಿಯಾಯಿತೆಂದು ಅದರ ಅರ್ಥವಲ್ಲ. ಫಾರಂ ಬರಲಿಲ್ಲವೆಂದು ಸುಮ್ಮನಿರುವಂತಿಲ್ಲ.

ನ್ಯೂಯಾರ್ಕ್‌ನಲ್ಲಿ ಕುಟುಂಬ ರಜೆಯ ಹಣಕ್ಕೆ ರಾಜ್ಯದ ತೆರಿಗೆಯೂ ಇದೆ. ಅಲ್ಲಿ ಖಾಸಗಿ ವಿಮಾ ಕಂಪನಿ ಕೊಟ್ಟಿದ್ದರೆ 1099-ಮಿಸ್ಕ್ ಫಾರಂ ಬರುತ್ತದೆ. ಇನ್ನು ಕಂಪನಿಯೇ ರಜೆಯಲ್ಲೂ ಸಂಬಳ ಕೊಟ್ಟಿದ್ದರೆ ಅದು ಯಾವ ರಾಜ್ಯದಲ್ಲಾದರೂ ಡಬ್ಲ್ಯೂ-2ರೊಳಗೇ ಸೇರಿರುತ್ತದೆ, ಪ್ರತ್ಯೇಕವಾಗಿ ಬರೆಯುವುದೇನೂ ಇಲ್ಲ.

ಉತ್ತರ 3

ನಮ್ಮ ಅನುಭವ ಹೇಳುತ್ತೇನೆ, ಬೇರೆಯವರಿಗೆ ಹೀಗಾಗಬಾರದು. ಮಗಳು ಹುಟ್ಟಿದಾಗ ನಮ್ಮ ಯಜಮಾನರೂ ಪಿಎಫ್‌ಎಲ್ ಪಡೆದಿದ್ದರು. ಅವರ ಫಾರಂ ಅಂಚೆಯಲ್ಲಿ ಬರಲಿಲ್ಲ, ಇಡಿಡಿ ಇಲಾಖೆಯ ಆನ್‌ಲೈನ್ ಖಾತೆಯಲ್ಲಿ ಬಿದ್ದಿತ್ತು. ನಾವು ತೆರೆದು ನೋಡಿರಲಿಲ್ಲ. ರಿಟರ್ನ್ ತುಂಬಿಕೊಟ್ಟವರನ್ನು ಕೇಳಿದ್ದಕ್ಕೆ "ರಾಜ್ಯ ಕೊಡುವ ಹಣಕ್ಕೆ ತೆರಿಗೆ ಇರುವುದಿಲ್ಲ" ಎಂದು ಹೇಳಿ ಬಿಟ್ಟುಬಿಟ್ಟರು. ಒಂದೂವರೆ ವರ್ಷದ ಮೇಲೆ ಐಆರ್‌ಎಸ್‌ನಿಂದ ಸಿಪಿ 2000 ಎಂಬ ಪತ್ರ ಬಂತು. ಒಂದು ಕಾಲಂನಲ್ಲಿ ನಾವು ತೋರಿಸಿದ ಆದಾಯ, ಪಕ್ಕದಲ್ಲೇ ಇಡಿಡಿ ತಿಳಿಸಿದ ಆದಾಯ, ನಡುವಿನ ವ್ಯತ್ಯಾಸ ಡಾಲರಿಗೆ ಡಾಲರ್ ಆ ರಜೆಯ ಹಣವೇ. ತೆರಿಗೆಯ ಜೊತೆಗೆ ಬಡ್ಡಿಯನ್ನೂ ಕಟ್ಟಿದೆವು. ಆ ಪತ್ರ ಬರುವ ಮೊದಲೇ ತಪ್ಪು ಗೊತ್ತಾದರೆ 1040-ಎಕ್ಸ್ ಎಂಬ ತಿದ್ದುಪಡಿ ರಿಟರ್ನ್ ಸಲ್ಲಿಸಿ ತಿದ್ದಿಕೊಳ್ಳಬಹುದು, ಅಷ್ಟರಮಟ್ಟಿಗೆ ಬಡ್ಡಿಯೂ ಉಳಿಯುತ್ತದೆ. ನಿಮ್ಮ ಮನೆಯವರೂ ರಜೆ ಪಡೆದಿದ್ದರೆ ಅವರ ಖಾತೆಯನ್ನು ಇಂದೇ ತೆರೆದು ನೋಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೂರನೆಯ ಉತ್ತರ ಓದಿದ ಕೂಡಲೇ ನಮ್ಮವರ ಖಾತೆ ತೆರೆದೆವು. ಅವರು ಜೂನ್‌ನಲ್ಲಿ ಪಡೆದಿದ್ದ ಎರಡು ವಾರಗಳಿಗೆ 3,362 ಡಾಲರಿನ 1099-ಜಿ ಅಲ್ಲಿತ್ತು. ಇಬ್ಬರದನ್ನೂ ಸೇರಿಸಿ 7ನೆಯ ಸಾಲಿನಲ್ಲಿ 16,810 ಎಂದು ನಮೂದಿಸಿ, ರಾಜ್ಯದ ರಿಟರ್ನ್‌ನಲ್ಲಿ ಅಷ್ಟೇ ಮೊತ್ತ ಕಳೆದಿರುವುದನ್ನು ನೋಡಿ ಖಚಿತಪಡಿಸಿಕೊಂಡೆವು.